ಸುಮ್ಮನಿದ್ದ ಕೈಗಳು

ಇದು ನಡೆದದ್ದೇ. ಹೆತ್ತ ತಾಯಿಯ ಮೇಲೆ ಆಣೆ ಇಡುವುದಿಲ್ಲ, ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಆಣೆ ಬೇಕೇ ಬೇಕೆಂದರೆ ಈ ಬಸ್ಸಿನ ಬ್ರೇಕಿನ ಮೇಲೆ ಇಡುತ್ತೇನೆ. ಮಂಚೇನಹಳ್ಳಿ ದಾಟಿ ಚಿಕ್ಕಬಳ್ಳಾಪುರ ಸೇರುವ ತನಕ ನಮ್ಮೆಲ್ಲರ ಜೀವವೂ ಅದರ ಮೇಲೇ ಇದೆ. ಒಂದು ಅಕ್ಷರ ಸುಳ್ಳಿದ್ದರೆ ಅದು ಈಗಲೇ ಕೈಕೊಡಲಿ.

ಗೌರಿಬಿದನೂರಿನ ಆಚೆ ಒಂದು ಬಟ್ಟೆ ಮಿಲ್ಲು. ಅದರ ಕ್ಯಾಂಟೀನಿನಲ್ಲಿ ಬಯ್ಯಪ್ಪ ಬೆಂಚು ಹತ್ತಿ ನಿಂತಿದ್ದ. ಮಧ್ಯಾಹ್ನದ ಊಟದ ಹೊತ್ತು. ಕೆಳಗೆ ಕೂತವರು ಮುದ್ದೆ ಮುರಿಯುವುದನ್ನು ಬಿಟ್ಟು, ನಗುವುದಕ್ಕೆ ಬಾಯಿ ಹದ ಮಾಡಿಕೊಂಡು ಅವನನ್ನೇ ನೋಡುತ್ತಿದ್ದರು.

"ನಮ್ಮವ್ವನ ಆಣೆಗೂ ನಿಜ ಹೇಳ್ತೀನಿ, ಕೇಳ್ರಪ್ಪ," ಎಂದ ಬಯ್ಯಪ್ಪ.

ಅಷ್ಟಕ್ಕೇ ಅರ್ಧ ಕ್ಯಾಂಟೀನು ನಕ್ಕಿತು.

ತಪ್ಪು ಅವರದಲ್ಲ. ಬಯ್ಯಪ್ಪನ ಕೆಲಸ ಕೆಟ್ಟ ಮಗ್ಗ ರಿಪೇರಿ ಮಾಡುವುದು, ಹೆಸರು ಮಾಡಿದ್ದು ಮಾತ್ರ ಸುಳ್ಳಿನಲ್ಲಿ. ಅವನ ತಾತ ಕಡಲೆಕಾಯಿ ಸಿಪ್ಪೆಯಲ್ಲಿ ಕೂತು ಉಕ್ಕಿದ ಪಿನಾಕಿನಿ ದಾಟಿ ಹೆಣ್ಣು ನೋಡಿಕೊಂಡು ಬಂದದ್ದು, ಶಿಡ್ಲಘಟ್ಟದ ಭಾವಮೈದನ ಮನೆಯಲ್ಲಿ ರೇಷ್ಮೆಹುಳು ಸೊಪ್ಪು ಮೇಯುವ ಸದ್ದಿಗೆ ಪೊಲೀಸರು ಬಂದು ಬಾಗಿಲು ಬಡಿದದ್ದು, ಎಲ್ಲವೂ ಅವ್ವನ ಆಣೆಗೂ ನಿಜವೇ. ಅಷ್ಟೊಂದು ಆಣೆ ಹೊತ್ತೂ ಆ ಮುದುಕಿ ತೊಂಬತ್ತರ ತನಕ ಗಟ್ಟಿಯಾಗಿದ್ದು, ತನ್ನ ಪಾಡಿಗೆ ತಾನು ಹೋದಳು.

ಮಗ್ಗದ ಶೆಡ್ಡಿನೊಳಗೆ ಬಾಯಲ್ಲಿ ಕಥೆ ಹೇಳಿದರೆ ಪಕ್ಕದಲ್ಲಿ ನಿಂತವನಿಗೂ ಕೇಳುವುದಿಲ್ಲ, ಸದ್ದು ಅಂಥದ್ದು. ಅಲ್ಲಿನವರು ಮಾತಾಡುವುದೆಲ್ಲ ಕೈಯಲ್ಲಿ. ಹೊಟ್ಟೆ ತಟ್ಟಿದರೆ ಊಟ, ಕಿವಿ ಹಿಡಿದರೆ ಮೇಸ್ತ್ರಿ ಬಂದ, ಕುತ್ತಿಗೆಯ ಹತ್ತಿರ ಟೈ ಬಿಗಿದಂತೆ ಮಾಡಿದರೆ ಮ್ಯಾನೇಜರ್ ಮುರಳಿಮೋಹನ್. ಬಯ್ಯಪ್ಪನ ಕೈಗಳಾದರೋ ತಾತನ ನದಿ, ತಾತನ ಸಿಪ್ಪೆ, ಆ ಹೆಣ್ಣಿನ ಮೂಗುಬೊಟ್ಟು, ಏನನ್ನೂ ಬಿಡದೆ ಗಾಳಿಯಲ್ಲಿ ತಂದು ನಿಲ್ಲಿಸುತ್ತಿದ್ದವು. ಎದುರಿಗೆ ನೂಲು ಸುತ್ತುವ ಮೆಷಿನ್ನಿನ ಮುಂದೆ ಚಿಕ್ಕವೆಂಕಟಮ್ಮ. ಕಡಿದ ಎಳೆಗೆ ಗಂಟು ಹಾಕುತ್ತಲೇ ಇಪ್ಪತ್ತು ವರ್ಷದಿಂದ ಆ ಕೈಗಳನ್ನು ನೋಡಿ ನಕ್ಕವಳು.

ಅಂದು ಬೆಳಿಗ್ಗೆ ಮುರಳಿಮೋಹನ್ ಬಯ್ಯಪ್ಪನನ್ನು ತನ್ನ ರೂಮಿಗೆ ಕರೆಸಿ, ಕುರ್ಚಿ ಕೊಟ್ಟು ಕೂರಿಸಿದ್ದ. ಕುರ್ಚಿ ಕೊಟ್ಟಾಗಲೇ ಬಯ್ಯಪ್ಪನಿಗೆ ಅನುಮಾನ ಬಂದಿತ್ತು.

"ನೋಡಪ್ಪ ಬಯ್ಯಪ್ಪ, ಮುಂದಿನ ತಿಂಗಳಿಂದ ಪಿಎಫ್ ಹದಿನೈದು ಸಾವಿರದ ಲೆಕ್ಕಕ್ಕೆ ಮಾತ್ರ. ಕಾನೂನು ಕೇಳೋದೂ ಅಷ್ಟೇ. ಇಷ್ಟು ವರ್ಷ ಪೂರ್ತಿ ಸಂಬಳಕ್ಕೆ ಕಟ್ಟಿದ್ದು ಕಂಪನಿ ದೊಡ್ಡತನ. ಈಗ ಎಲ್ಲರೂ ಒಪ್ಪಿಗೆ ಅಂತ ಸೈನ್ ಹಾಕ್ಬೇಕು. ನಿನ್ ಮಾತು ಅಂದ್ರೆ ಜನ ಊಟ ಬಿಟ್ಟು ಕೇಳ್ತಾರೆ. ಕೈಗೆ ಬರೋ ಸಂಬಳ ಜಾಸ್ತಿ ಆಗತ್ತೆ ಅಂತ ಚೆನ್ನಾಗಿ ಒಂದು ಕಥೆ ಕಟ್ಟಪ್ಪ."

"ಜಾಸ್ತಿ ಆಗತ್ತಾ ಸಾರ್?"

"ಆಗತ್ತಲ್ಲ. ನಿಮ್ ಸಂಬಳದಲ್ಲಿ ಹಿಡಿಯೋದು ಕಮ್ಮಿ ಆಗತ್ತೆ."

"ಅದು ನಮ್ ದುಡ್ಡೇ ನಮ್ ಕೈಗೆ ಬಂದಂಗಾಯ್ತು. ಕಂಪ್ನಿ ತನ್ ಕಡೆಯಿಂದ ಹಾಕ್ತಿತ್ತಲ್ಲ ಸಾರ್, ಅದ್ರಲ್ಲಿ ಕಮ್ಮಿ ಮಾಡಿದ್ದು? ಅದೂ ನಮ್ಗೇ ಬರತ್ತಾ?"

ಮುರಳಿಮೋಹನ್ ನಕ್ಕ. "ಅದು ಕಂಪನಿದು ಕಣಪ್ಪ, ಕಂಪನಿ ಹತ್ರಾನೇ ಇರತ್ತೆ. ಅದನ್ನೆಲ್ಲ ಬಿಡಿಸಿ ಹೇಳಕ್ಕೆ ಹೋಗ್ಬೇಡ. ಸೈನ್ ಹಾಕಿದೋರಿಗೆಲ್ಲ ಒಂದೊಂದು ಕುಕ್ಕರ್ ಕೊಡ್ತಿದೀವಿ, ಅದನ್ನ ಹೇಳು."

ಬೇರೊಬ್ಬರು ಕಟ್ಟಿಕೊಟ್ಟ ಸುಳ್ಳನ್ನು ಹೊತ್ತು ಬಯ್ಯಪ್ಪ ಹಿಂದೆಂದೂ ನಡೆದವನಲ್ಲ. ರೂಮಿನಿಂದ ಶೆಡ್ಡಿಗೆ ಬರುವಷ್ಟರಲ್ಲಿ ಹೆಗಲು ನೋಯತೊಡಗಿತು. ತಾತನ ಕಡಲೆಕಾಯಿ ಸಿಪ್ಪೆಯಿಂದ ಯಾರ ಮನೆಯ ತುತ್ತೂ ಕಡಿಮೆಯಾಗಿರಲಿಲ್ಲ. ಇದು ಹಾಗಲ್ಲ. ಅದಕ್ಕೇ ಮಧ್ಯಾಹ್ನ ಬೆಂಚು ಹತ್ತಿದ್ದ.

"ಹಸು ಎಷ್ಟೇ ಕರೀಲಿ, ನಾನು ಅಳೆಯೋದು ಇದೊಂದು ಚೊಂಬು ಮಾತ್ರ ಅಂದಂಗೈತೆ ಇವರ ಲೆಕ್ಕ," ಎಂದ. "ನಿಮ್ ಸಂಬಳ ಇಪ್ಪತ್ತಾಗ್ಲಿ, ಮೂವತ್ತಾಗ್ಲಿ, ಕಂಪ್ನಿ ಕಟ್ಟೋದು ಹದಿನೈದು ಸಾವಿರಕ್ಕೇ. ಮಿಕ್ಕಿದ್ದು ಅವರ ಜೇಬಿಗೆ. ಹತ್ತು ವರ್ಷಕ್ಕೆ ಒಂದು ಮನೆ ಸೂರಿಗೆ ಮೋಲ್ಡ್ ಹಾಕಿಸೋವಷ್ಟು ದುಡ್ಡು ಕಣ್ರಪ್ಪ ಅದು. ಸೈನ್ ಹಾಕ್ಬೇಡಿ."

"ಏಮಿರಾ ಬಯ್ಯಪ್ಪಾ!" ಯೂನಿಯನ್ ಅಧ್ಯಕ್ಷ ಆವುಲಪ್ಪ ಕೂತಲ್ಲಿಂದಲೇ ಕೂಗಿದ. "ನಿಮ್ ತಾತ ಕಡ್ಲೆಕಾಯಿ ಸಿಪ್ಪೆಯಲ್ಲಿ ದೋಣಿ ನಡೆಸಿದ್ನಲ್ಲ, ಅವನಿಗೂ ಪಿಎಫ್ ಕಟ್ತಿದ್ರಾ?"

ಕ್ಯಾಂಟೀನಿನ ತಗಡು ಹಾರಿಹೋಗುವಂತೆ ಜನ ನಕ್ಕರು.

"ಮಿಲ್ಲು ದುಡ್ಡು ಮೇಯೋ ಸದ್ದಿಗೆ ಪೊಲೀಸ್ರು ಬಂದ್ರಾ ಅಣ್ಣಾ?" ಎಂದಳು ಹಿಂದಿನ ಸಾಲಿನಿಂದ ಒಬ್ಬಳು.

"ತಮಾಷೆ ಅಲ್ಲ ಕಣ್ರೋ! ನಮ್ಮವ್ವನ ಆಣೆ..."

"ಚಾಲ್ರಾ ಸಾಮಿ, ಸಾಕು, ಇಳಿ ಕೆಳಕ್ಕೆ. ಸಾಹೇಬ್ರು ಬೋರ್ಡಲ್ಲಿ ಬರ್ಸವ್ರೆ, ಕೈಗೆ ಜಾಸ್ತಿ ಬರತ್ತೆ ಅಂತ. ಬೋರ್ಡ್ ನಂಬೋದಾ, ನಿನ್ನ ನಂಬೋದಾ?" ಎಂದ ಆವುಲಪ್ಪ.

ಮಾರನೇ ದಿನ ಸೈನು ಹಾಕಲು ಸಾಲು ನಿಂತಿತು. ಸಂಜೆ ಗೇಟಿನಲ್ಲಿ ನೋಡಿದರೆ ಮದುವೆಗೆ ಉಡುಗೊರೆ ಹೊರಟಂತೆ ಎಲ್ಲರ ಕಂಕುಳಲ್ಲೂ ಕುಕ್ಕರ್ ಡಬ್ಬಿ. ಆವುಲಪ್ಪನ ಎರಡೂ ಕಂಕುಳಲ್ಲಿ.

ನಲ್ಲಿಯ ಹತ್ತಿರ ಬುತ್ತಿ ತೊಳೆಯುತ್ತಿದ್ದ ಚಿಕ್ಕವೆಂಕಟಮ್ಮ, "ನಾನು ಹಾಕ್ಲಿಲ್ಲ ಅಣ್ಣ," ಎಂದಳು.

ಬಯ್ಯಪ್ಪ ನಿಂತುಬಿಟ್ಟ. "ನೀನು ನಂಬಿದ್ಯಾ ನನ್ನ?"

"ಕಥೆ ಹೇಳೋವಾಗ ನಿನ್ ಕೈ ಒಂದು ಗಳಿಗೆ ಸುಮ್ನಿರಲ್ಲ. ನಿನ್ನೆ ಬೆಂಚಿನ ಮೇಲೆ ಎರಡೂ ಕೈ ಹೆಣದ ಕೈಯಂಗೆ ಇಳಿಬಿದ್ದಿದ್ವು. ಬಾಯಿ ಏನಾದ್ರೂ ಅನ್ಲಿ, ಇವನ್ನ ನಾನು ಇಪ್ಪತ್ತು ವರ್ಷದಿಂದ ನೋಡ್ತಿಲ್ವಾ?" ಎಂದು ಬುತ್ತಿಯ ನೀರು ಕೊಡವಿದಳು. "ನಮ್ಮನೆ ಗೋಡೆ ಎದ್ದು ಮೂರು ಮಳೆಗಾಲ ಆಯ್ತು. ಮೋಲ್ಡ್ ಇಲ್ಲ. ಗಂಡ ಬಿಟ್ಟ ಮಗಳು, ಅವಳ ಕೂಸು. ನಂಗೆ ಇನ್ನೂ ಹತ್ತು ವರ್ಷ ಸರ್ವೀಸ್ ಐತೆ. ಆ ಮೋಲ್ಡ್ ದುಡ್ಡಿನ ಮಾತು ಬೇರೆ ಯಾರಿಗೆ ಕೇಳಿಸ್ತೋ ಇಲ್ವೋ, ನಂಗೆ ಕೇಳಿಸ್ತು."

"ನಾನೂ ಹಾಕಲ್ಲ ಕಣಮ್ಮ," ಎಂದ ಬಯ್ಯಪ್ಪ. "ಇಬ್ರಾದ್ರೂ ಇರಣ."

ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ಮುರಳಿಮೋಹನ್ ಮತ್ತೆ ಕರೆಸಿದ. ಈ ಸಲ ಕುರ್ಚಿ ಕೊಡಲಿಲ್ಲ. ಕ್ಯಾಂಟೀನಿನ ಸುದ್ದಿಯನ್ನೂ ಎತ್ತಲಿಲ್ಲ. "ತನುಜ ನಿನ್ ಮಗಳಲ್ವಾ? ನಮ್ ಲ್ಯಾಬಲ್ಲಿ ಟ್ರೈನಿ. ಒಳ್ಳೇ ಹುಡುಗಿ. ಪರ್ಮನೆಂಟ್ ಮಾಡೋರ ಲಿಸ್ಟ್ ಇವತ್ತು ಬೆಂಗಳೂರಿಗೆ ಕಳಿಸ್ಬೇಕು," ಎಂದ. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟು, ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತ ಕಿಟಕಿಯ ಕಡೆ ತಿರುಗಿದ.

ಅವನು ತಿರುಗಿ ನೋಡುವಷ್ಟರಲ್ಲಿ ಸೈನ್ ಆಗಿತ್ತು.

ಇಡೀ ಮಿಲ್ಲಿನಲ್ಲಿ ಸೈನ್ ಹಾಕದೆ ಉಳಿದವಳು ಚಿಕ್ಕವೆಂಕಟಮ್ಮ ಒಬ್ಬಳೇ. ಕ್ಯಾಂಟೀನಿನಲ್ಲಿ ಅವಳು ಕೂತ ಬೆಂಚು ತಾನಾಗಿಯೇ ಖಾಲಿಯಾಗತೊಡಗಿತು. ಯಾರೂ ಜಗಳವಾಡಲಿಲ್ಲ, ತಟ್ಟೆ ಎತ್ತಿಕೊಂಡು, "ಅಲ್ಲಿ ಗಾಳಿ ಚೆನ್ನಾಗೈತೆ," ಅನ್ನುತ್ತ ಎದ್ದು ಹೋಗುತ್ತಿದ್ದರು. ಬಯ್ಯಪ್ಪ ಕೆಟ್ಟಿಲ್ಲದ ಮಗ್ಗ ಬಿಚ್ಚಿಕೊಂಡು ಶೆಡ್ಡಿನಲ್ಲೇ ಬುತ್ತಿ ತಿನ್ನುತ್ತಿದ್ದ. ವಾರ ಕಳೆಯುವುದರೊಳಗೆ ಅವಳಿಗೆ ಚಿಂತಾಮಣಿಯ ಗೋಡೌನಿಗೆ ವರ್ಗವಾಯಿತು. ಅಂಬಾಜಿದುರ್ಗದ ಕಡೆ, ಬೆಟ್ಟದ ಬುಡದಲ್ಲಿ ಒಂದು ತಗಡಿನ ಶೆಡ್ಡು. ಸೋಮವಾರದಿಂದ ಅಲ್ಲಿ ಹಾಜರಾಗಬೇಕು. ಸೈನ್ ಹಾಕಿದರೆ ಹೋಗುವುದೇನೂ ಬೇಡ.

ಶನಿವಾರ ಅವಳ ಕೊನೆಯ ಪಾಳಿ. ಮಗ್ಗಗಳು ಬಡಿದುಕೊಳ್ಳುತ್ತಿದ್ದವು, ಗಾಳಿಯ ತುಂಬ ಹತ್ತಿಯ ಧೂಳು. ಚಿಕ್ಕವೆಂಕಟಮ್ಮ ಮೆಷಿನ್ನಿನಿಂದ ತಲೆಯೆತ್ತಿ ಬಯ್ಯಪ್ಪನ ಕಡೆ ನೋಡಿದಳು. ಎಡಗೈ ಅಂಗೈ ಮೇಲೆ ಬಲಗೈ ಬೆರಳಿನಿಂದ ಸೈನ್ ಹಾಕಿದಂತೆ ಮಾಡಿ, ಅವನತ್ತ ಬೆರಳು ತೋರಿಸಿ, ಹುಬ್ಬು ಹಾರಿಸಿದಳು. ನೀನು?

ಬಯ್ಯಪ್ಪ ಇಲ್ಲವೆಂದು ತಲೆ ಅಲ್ಲಾಡಿಸಿದ.

ಅಷ್ಟಕ್ಕೆ ನಿಲ್ಲಬಹುದಿತ್ತು. ಆದರೆ ಕೈಗಳು ಎದ್ದವು. ಮುರಳಿಮೋಹನನ ಟೈ ಬಂತು, ಪೆನ್ನು ಬಂತು. ಕಾಗದವನ್ನು ಬಯ್ಯಪ್ಪ ಹರಿದ, ಇನ್ನೊಮ್ಮೆ ಹರಿದ, ಚೂರು ಮಾಡಿ ಅವನ ಮುಖಕ್ಕೆ ಎಸೆದ. ಕುಕ್ಕರನ್ನು ಕಿಟಕಿಯಿಂದಾಚೆ ತೂರಿದ. ಅದು ಬೀಳುತ್ತ ಸೀಟಿ ಹೊಡೆದದ್ದನ್ನೂ ಎರಡು ಬೆರಳು ತುಟಿಗಿಟ್ಟು ತೋರಿಸಿದ. ಜೀವಮಾನದಲ್ಲಿ ಅಷ್ಟು ಚೆಂದದ ಕಥೆಯನ್ನು ಅವನು ಹೇಳಿರಲಿಲ್ಲ.

ಚಿಕ್ಕವೆಂಕಟಮ್ಮ ಕಣ್ಣು ಬೇರೆ ಕಡೆ ಹೊರಳಿಸದೆ ಅಷ್ಟನ್ನೂ ಕೊನೆಯ ತನಕ ನೋಡಿದಳು. ನೋಡಿ, ಯಾವತ್ತೂ ನಗುವ ಹಾಗೆಯೇ ನಕ್ಕಳು. ನಂತರ ಮೆಷಿನ್ನಿನ ಕಡೆ ತಿರುಗಿ, ಕಡಿದಿದ್ದ ಎಳೆಯ ಎರಡು ತುದಿ ಹುಡುಕಿ ಗಂಟು ಹಾಕಿದಳು.

ತನುಜ ಪರ್ಮನೆಂಟ್ ಆದಳು. ಶೆಡ್ಡಿನ ಹೆಂಗಸರು ಈಗಲೂ ಕಥೆ ಹೇಳೆಂದು ಬಯ್ಯಪ್ಪನಿಗೆ ಸನ್ನೆ ಮಾಡುತ್ತಾರೆ. ಅವನು ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿ ಮುಂದಿನ ಮಗ್ಗಕ್ಕೆ ಹೋಗುತ್ತಾನೆ.

ಚಿಕ್ಕವೆಂಕಟಮ್ಮ ಬೆಳಕು ಹರಿಯುವ ಮುಂಚೆ ಬಸ್ಸು ಹತ್ತುತ್ತಾಳೆ. ಚಿಕ್ಕಬಳ್ಳಾಪುರದಲ್ಲಿ ಇಳಿದು ಬದಲಾಯಿಸಿ, ಶಿಡ್ಲಘಟ್ಟದ ಮೇಲೆ ಚಿಂತಾಮಣಿ. ಗೋಡೌನಿನಲ್ಲಿ ಅವಳಿಗೆ ಕೆಲಸವೂ ಇಲ್ಲ, ಕುರ್ಚಿಯೂ ಇಲ್ಲ. ಸಂಜೆಯ ತನಕ ಬಟ್ಟೆಯ ಮೂಟೆಗಳ ಪಕ್ಕ ನಿಂತಿದ್ದು, ಬಂದ ದಾರಿಯಲ್ಲೇ ವಾಪಸ್ಸು. ಇನ್ನೂ ಸೈನ್ ಹಾಕಿಲ್ಲ. ಗೋಡೆಗಳ ಮೇಲೆ ಮೋಲ್ಡೂ ಬಿದ್ದಿಲ್ಲ.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಇಷ್ಟು ಹೊತ್ತೂ ನನ್ನ ಎರಡು ಕೈ ಈ ಚೀಲದ ಮೇಲೇ ಇದ್ದವು, ನೀವೇ ನೋಡಿದ್ದೀರಿ. ಕಥೆಗೆ ಕಾಸು ಕೇಳುವವನು ನಾನಲ್ಲ. ಆದರೆ ಗೌರಿಬಿದನೂರಿನಿಂದ ಆ ಕಂಬಕ್ಕೆ ಒರಗಿ, ಬುತ್ತಿ ಚೀಲವನ್ನು ಎದೆಗೊತ್ತಿಕೊಂಡು ಒಬ್ಬರು ನಿಂತಿದ್ದಾರಲ್ಲ, ಅವರು ಕೂರಬೇಕು. ಸ್ವಲ್ಪ ಆ ಕಡೆ ಸರಿಯಿರಿ.