ಹಳದಿ ಕಂಡ ಬೆಳ್ಳಿ

ನನ್ನ ಗಂಡನಿಗೆ ಮೂರು ಕೈ. ಎಡಗೈ, ಬಲಗೈ, ಆಮೇಲೆ ಹಲ್ಲು. ಒಂದು ಕೈಯಲ್ಲಿ ಚಿಮಟ, ಇನ್ನೊಂದರಲ್ಲಿ ಅರ ಇದ್ದರೆ ಮಾದರಿಯ ಹೂವಿನ ಕಡ್ಡಿ ಹಲ್ಲುಗಳ ನಡುವೆ ಸಿಕ್ಕಿರುತ್ತದೆ. ಮೂವತ್ತು ವರ್ಷ ಬೈದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಹೂವಿನ ಒಡವೆ ಮಾಡುವ ಅಕ್ಕಸಾಲಿಗರು ಅವರು. ನಿಜವಾದ ಹೂವು ಮುಂದಿಲ್ಲದೆ ಒಂದು ಎಸಳೂ ಕತ್ತರಿಸುವವರಲ್ಲ. ಯಾವುದಕ್ಕೆ ಎಷ್ಟು ಎಸಳು, ಅಂಚು ಎತ್ತ ಮಡಚುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತಾರೆ. ಹೆಸರು ಕೇಳಿದರೆ ಮಾತ್ರ ಬೆಬ್ಬೆಬ್ಬೆ. ಎಸಳು ಕತ್ತರಿಸುವುದು ಅವರ ಪಾಲು, ಬೆಸುಗೆ ಹಾಕುವುದು ನನ್ನ ಪಾಲು. ಇಂಥವರ ಹೆಂಡತಿಯ ಕಿವಿಯಲ್ಲಿರುವುದು ಬೆಳ್ಳಿಯ ಮಲ್ಲಿಗೆ! "ಮುಂದಿನ ವರ್ಷ ಚಿನ್ನದ್ದು ಮಾಡ್ಕೊಡ್ತೀನಿ" ಎನ್ನುವುದನ್ನು ಕೇಳುತ್ತಲೇ ನನ್ನ ತಲೆ ನರೆಯಿತು. ದೀಪದ ಬುಡ ಕತ್ತಲೆ ಅನ್ನುವುದು ಇದಕ್ಕೇ.

ಆ ಬೆಳಿಗ್ಗೆ ಗಿರಾಕಿಯೊಬ್ಬಳು ತನ್ನ ಅಂಗಳದಿಂದ ಕಣಗಿಲೆಯ ಕೊಂಬೆ ಮುರಿದು ತಂದಳು. ಇದೇ ಹೂವು ಮುಡಿಗೆ ಬೇಕಂತೆ, ಎಸಳು ಬೆಳ್ಳಿಯದು, ನಡುವಿನ ಕೇಸರ ಚಿನ್ನದ್ದು. ಎಲೆ ಅಡ್ಡ ಬರುತ್ತದೆಂದು ನಾನೇ ತರಿದು, ಹೂವಿದ್ದ ಕಡ್ಡಿಗಳನ್ನು ಬಿಡಿಸಿ ಅವರ ಮುಂದಿಟ್ಟೆ. ಅದರ ಸೊಪ್ಪು ತಿಂದ ತವರಿನ ಹಸು ಹೊತ್ತು ಮುಳುಗುವಷ್ಟರಲ್ಲಿ ಸತ್ತದ್ದು ನೆನಪಾಗಿ, ಕೈ ತೊಳೆದುಕೊಂಡೆ. ನನ್ನ ಕೈ ಮಾತ್ರ.

ಮಧ್ಯಾಹ್ನ ಅವರು ಊಟ ಬೇಡವೆಂದರು. ಹೊಟ್ಟೆ ತೊಳಸುತ್ತಿದೆಯಂತೆ. ನನ್ನ ಅಡುಗೆಯ ಮೇಲೇ ದೂರು ಎಂದು ರೇಗಿ, ತಟ್ಟೆ ಎತ್ತಿಟ್ಟೆ. ಸ್ವಲ್ಪ ಹೊತ್ತಿಗೆ ಒಳಗಿಂದ ಕರೆದರು.

"ಏ, ಈ ಬೆಳ್ಳಿ ತಗಡು ಎಲ್ಲಿಂದ ತಂದೆ? ಹಳದಿ ಕಾಣ್ತಿದೆ. ಏನೋ ಕಲಬೆರಕೆ."

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ತಗಡು ಹಾಲಿನಷ್ಟು ಬೆಳ್ಳಗಿತ್ತು.

"ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲಾ ಹಳದಿ ಅಂತೆ. ವಯಸ್ಸಾಯ್ತು ರೀ, ಕನ್ನಡಕ ಬದಲಾಯಿಸಿ," ಎಂದು ನಕ್ಕೆ.

ಅವರು ನಗಲಿಲ್ಲ. "ಗೋಡೆನೂ ಹಳದಿ ಕಣೇ. ನಿನ್ನ ಸೀರೆ ಸೆರಗೂ."

ಮಾತು ತೊದಲುತ್ತಿತ್ತು. ಆಗ ಬಾಯಿ ನೋಡಿದೆ. ಹಲ್ಲಿನಲ್ಲಿದ್ದ ಕಡ್ಡಿಯ ಸಿಪ್ಪೆಯೆಲ್ಲ ಜಗಿದುಹೋಗಿತ್ತು. ಅವರ ಕಾಲ ಬಳಿ ಅಂಥವೇ ಇನ್ನೂ ನಾಲ್ಕು, ನಾರು ನಾರಾಗಿ ಬಿದ್ದಿದ್ದವು.

ಕಡ್ಡಿ ಕಿತ್ತೆಸೆದು, ಬಾಯಿ ತೊಳೆಸಿ, ಪಕ್ಕದ ಅಂಗಡಿಯವನನ್ನು ಕೂಗಿದೆ. ಅವನ ಕಾರಿನಲ್ಲಿ ಆಸ್ಪತ್ರೆಗೆ ಹೊರಟೆವು. ಆ ಗಿಡ ವಿಷವೆಂದು ನನಗೆ ಗೊತ್ತಿತ್ತು, ಇವರ ಹಲ್ಲಿನ ಚಟವೂ ಗೊತ್ತಿತ್ತು. ದಿನವಿಡೀ ಚೂರಿಗೆ ಚೂರು ಬೆಸೆಯುವವಳು ಇವೆರಡನ್ನು ಸೇರಿಸಿ ನೋಡಲಿಲ್ಲವಲ್ಲ ಎಂದು ನನ್ನನ್ನೇ ಶಪಿಸಿಕೊಂಡೆ.

ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ನಾಡಿ ಹಿಡಿದೆ. ಒಂದು ಸಲ ಬಡಿದು ಸುಮ್ಮನಾಗುತ್ತಿತ್ತು. ಕಾದರೆ ಇನ್ನೊಂದು.

"ಬೇಗ ಹೋಗಪ್ಪಾ," ಎಂದೆ.

"ಇನ್ನೆರಡೇ ತಿರುವು ಅಕ್ಕಾ," ಎಂದ ಅಂಗಡಿಯವನು.

ಅವರು ಕಣ್ಣು ತೆರೆದರು. ನನ್ನ ಕಿವಿಯನ್ನೇ ನೋಡಿದರು. ಮುಖ ಅರಳಿತು.

"ಅಂತೂ ಚಿನ್ನದ್ದೇ ಮಾಡ್ಕೊಟ್ಟೆ ನೋಡು. ಎಷ್ಟು ಚೆನ್ನಾಗಿ ಒಪ್ಪುತ್ತೆ ನಿಂಗೆ."

"ಹೂಂ ರೀ," ಎಂದೆ. "ಚಿನ್ನದ್ದೇ."

ಅವರು ಕಣ್ಣು ಮುಚ್ಚಿದರು. ನಾನು ಬೆರಳಿನ ಕೆಳಗೆ ಮುಂದಿನ ಬಡಿತಕ್ಕೆ ಕಾಯುತ್ತಾ ಕೂತೆ.