ಡಾಕ್ಟರಮ್ಮನ ಹೆಂಡತಿ

ಹೆಲಿಕಾಪ್ಟರ್ ಸದ್ದು ಮಾಡುತ್ತಾ ಕಾಯುತ್ತಿತ್ತು, ಕೊಲ್ಲಿಯ ಕಡೆಯಿಂದ ಮಂಜು ಕವಿಯುತ್ತಿತ್ತು, ಬಿಬಿಯಾನೆ ಅಜ್ಜಿ ಮಾತ್ರ ಆಸ್ಪತ್ರೆಯ ಮಂಚ ಬಿಡಲೊಲ್ಲಳು. ಕರುಳು ಸಿಕ್ಕಿಹಾಕಿಕೊಂಡಿತ್ತು. ಇವತ್ತೇ ಪಟ್ಟಣಕ್ಕೆ ಒಯ್ದು ಕೊಯ್ದರೆ ಉಳಿದಾಳು, ಇಲ್ಲದಿದ್ದರೆ ಇಲ್ಲ. ನೋವಿನ ಸೂಜಿ ಚುಚ್ಚಿದ ಮೇಲೆ ಬಾಯಿಗೆ ಮಾತ್ರ ಹೊಸ ಹುರುಪು ಬಂದಿತ್ತು.

"ಅಜ್ಜೀ, ದಮ್ಮಯ್ಯ ಅಂತೀನಿ, ಹತ್ತಿ," ಎಂದಳು ಡಾಕ್ಟರ್ ಕುನೂಕ್.

"ಡಾಕ್ಟರಮ್ಮ ಹೇಳಿದ್ದನ್ನ ನಾನ್ಯಾಕೆ ಕೇಳ್ಲಿ? ನನ್ನ ಗಂಡ ಹೇಳ್ಲಿ, ನೋಡೋಣ."

ಡಾಕ್ಟರಮ್ಮನ ಕಿವಿ ಕೆಂಪಾಯಿತು. ಗ್ರೀನ್‌ಲ್ಯಾಂಡಿನ ಆ ಮೂಲೆಯಲ್ಲಿ ಸತ್ತವರ ಹೆಸರು ಯಾವ ಕೂಸಿಗೆ ಬೀಳುತ್ತದೋ, ಸತ್ತವರು ಆ ಕೂಸಾಗಿಯೇ ಮರಳುತ್ತಾರೆ, ಗಂಡಾಗಲಿ ಹೆಣ್ಣಾಗಲಿ. ಬಿಬಿಯಾನೆಯ ಗಂಡ, ಬೇಟೆಗಾರ ಕುನೂಕ್, ಕಡಲ ಮಂಜುಗಡ್ಡೆಯಡಿ ಮುಳುಗಿದ ವಸಂತದಲ್ಲೇ ಇವಳು ಹುಟ್ಟಿದ್ದಳು, ಅವನ ಹೆಸರೇ ಇವಳಿಗೆ ಬಿದ್ದಿತ್ತು. ರಾಜಧಾನಿಯಲ್ಲಿ ಬೆಳೆದು, ಡಾಕ್ಟರಾಗಿ ಬಂದ ಮೊದಲ ದಿನವೇ ಎಪ್ಪತ್ತು ದಾಟಿದ ಹೆಂಡತಿ ಬೇಯಿಸಿದ ಸೀಲ್ ಮಾಂಸ ಹಿಡಿದು ಬಾಗಿಲಲ್ಲಿ ನಿಂತಿದ್ದಳು: "ಎಷ್ಟು ಸೊರಗಿದೀರಲ್ರೀ!" ಕಾಲುಚೀಲ ಹೆಣೆದು ಕೊಟ್ಟಳು, ಗೊರಕೆಯ ಹಳೇ ಜಗಳ ತೆಗೆದಳು. ಕೊನೆಗೆ ಡಾಕ್ಟರಮ್ಮನೇ ಕಟ್ಟಪ್ಪಣೆ ಮಾಡಿದ್ದಳು: ಆಸ್ಪತ್ರೆಯೊಳಗೆ ನಾನು ಡಾಕ್ಟರು, ಗಂಡ ಅಲ್ಲ. ಆ ಅಪ್ಪಣೆ ಈಗ ಅವಳ ಕೊರಳಿಗೇ ಸುತ್ತಿಕೊಂಡಿತ್ತು.

"ಗಂಡನಾಗು ಮಾರಾಯ್ತಿ, ಮಂಜು ಬಂತು!" ನರ್ಸ್ ಸೊಫೀನಾ ತಿವಿದಳು. "ನೀನು ಜೊತೆಗೆ ಹೋದ್ರೂ ಊರಿನ ರೋಗಿಗಳನ್ನ ನಾನು ನೋಡ್ಕೋತೀನಿ."

ಡಾಕ್ಟರಮ್ಮ ಸೊಂಟಕ್ಕೆ ಕೈಯಿಟ್ಟು ಗುಡುಗಿದಳು. "ಏ ಬಿಬೀ! ಏಳ್ತೀಯೋ ಇಲ್ವೋ?"

ಅವಸರಪಡಿಸಲು ಬಾಗಿಲಿಗೆ ಬಂದಿದ್ದ ಪೈಲಟ್ ಕಿಸಕ್ಕನೆ ನಕ್ಕ. ಅಜ್ಜಿ ನಾಚಿ ಕಂಬಳಿಯನ್ನು ಮುಖಕ್ಕೆ ಎಳೆದುಕೊಂಡಳು. "ಮೆಲ್ಲಗೆ ರೀ, ಜನ ಇದಾರೆ." ಆಮೇಲೆ ಕಂಬಳಿಯೊಳಗಿಂದಲೇ ಹೇಳಿದಳು: "ಆವತ್ತು ನಾನೂ ಬರ್ತೀನಿ ಅಂದೆ. ಬೇಡ ಅಂದು ಒಬ್ರೇ ಹೋದ್ರಿ. ವಾಪಸ್ ಬರ್ಲೇ ಇಲ್ಲ."

ಡಾಕ್ಟರಮ್ಮ ಮಂಚದಂಚಿಗೆ ಕೂತಳು. ಯಾರದೋ ತಪ್ಪು, ಆದರೂ ತನ್ನದೇ ಅನ್ನಿಸಿತು.

"ತಪ್ಪಾಯ್ತು ಕಣೇ. ಈ ಸಲ ಇಬ್ರೂ ಹೋಗೋಣ ಬಾ."

"ಮೊದಲೇ ಹೇಳ್ಬಾರ್ದಿತ್ತಾ?" ಎಂದು ಅಜ್ಜಿ ಕೈ ಚಾಚಿದಳು.

ಹೆಲಿಕಾಪ್ಟರ್ ಮೇಲೇರಿದಾಗ ಅವಳ ಸಂಭ್ರಮ ಹೇಳತೀರದು. "ಅಗೋ, ನೀವು ಮುಳುಗಿದ ಜಾಗ! ಮೇಲಿಂದ ಎಷ್ಟು ಚಿಕ್ಕದು ನೋಡ್ರೀ!" ಇಬ್ಬರೂ ಬಿದ್ದುಬಿದ್ದು ನಕ್ಕರು. ಹೊಟ್ಟೆ ಹಿಡಿದುಕೊಂಡು "ಅಯ್ಯೋ, ನಗಿಸ್ಬೇಡಿ" ಎಂದು ಅಜ್ಜಿಯೇ ಗದರಿದಳು.

ಪಟ್ಟಣದ ಆಸ್ಪತ್ರೆಯಲ್ಲಿ, ಇವರಿಗೆ ನೀವೇನಾಗಬೇಕು ಎಂದು ಯಾರೋ ಕೇಳಿದರು.

"ಗಂಡ," ಎಂದಳು ಡಾಕ್ಟರ್ ಕುನೂಕ್, ತಡವರಿಸದೆ.

ಆಪರೇಷನ್ ಮುಗಿದು ಸಂಜೆ ಕಣ್ಣುಬಿಟ್ಟ ಬಿಬಿಯಾನೆ ಮೊದಲು ಹುಡುಕಿದ್ದು ಅವಳ ಮುಖವನ್ನು.

"ಇಲ್ಲೇ ಇದೀರಾ? ಊಟ ಮಾಡಿದ್ರೇನ್ರೀ?"