ದುರುಗೇಶನ ಕೊಕ್ಕೆ

ಪುಕ್ಕಟೆ ಬಂದದ್ದು ಯಾವುದೂ ಯಮುನಾಳಿಗೆ ಜೀರ್ಣವಾಗುತ್ತಿರಲಿಲ್ಲ. ಸೊಪ್ಪಿನವಳು ಒಂದು ಹಿಡಿ ಕೊತ್ತಂಬರಿ ಕೊಸರು ಹಾಕಿದರೂ, ಕಂತೆಯ ಒಳಗೆ ಕೊಳೆತಿದೆಯೇನೋ ಎಂದು ಬಿಚ್ಚಿ ನೋಡುವ ಹೆಂಗಸು. ಅಂಥವಳ ಮನೆಗೆ ಪ್ರತಿ ಶನಿವಾರ ಮಾರಣ್ಣ ಬಂದು ದುಡ್ಡು ಕೊಟ್ಟು ಹೋಗುತ್ತಿದ್ದ.

ಮಾರಣ್ಣ ಚಿತ್ರದುರ್ಗದ ಮೆಕ್ಕೆಜೋಳದ ಮಂಡಿಯಲ್ಲಿ ಹಮಾಲರ ಗುಂಪಿನ ಮೇಸ್ತ್ರಿ. ಯಮುನಾಳ ಗಂಡ ದುರುಗೇಶ ಅದೇ ಗುಂಪಿನವನು. ಸುಗ್ಗಿಯ ಗಡಿಬಿಡಿಯಲ್ಲಿ ಚೀಲದ ಅಟ್ಟಿ ಜರಿದು ಮೈಮೇಲೆ ಬಿದ್ದು, ಅವನ ತೊಡೆಯ ಮೂಳೆ ಮುರಿದಿತ್ತು. ರಾಡು ಹಾಕಿದ ಡಾಕ್ಟರು, ಮುಂದಿನ ಸುಗ್ಗಿಯವರೆಗೆ ಭಾರ ಎತ್ತುವ ಮಾತೇ ಬೇಡ ಎಂದಿದ್ದರು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರೆ. ಇವರ ಮನೆಯಲ್ಲಿ ಕುಡಿಕೆಯೇ ಇರಲಿಲ್ಲ. ಯಮುನಾ ರೊಟ್ಟಿ ಅಂಗಡಿ ಸೇರಿ ಬೆಳಗಾಗೆದ್ದು ಜೋಳದ ರೊಟ್ಟಿ ಬಡಿಯತೊಡಗಿದಳು. ಆ ಕೂಲಿ ಬಾಡಿಗೆಗೂ ಮಾತ್ರೆಗೂ ಸರಿಹೋಗುತ್ತಿತ್ತು. ಒಲೆ ಉರಿಯುತ್ತಿದ್ದದ್ದು ಮಾರಣ್ಣನ ದುಡ್ಡಿನಿಂದ.

ಅವನೋ, ಒಳಗೆ ಬರುತ್ತಿರಲಿಲ್ಲ. ಹೊಸ್ತಿಲನ್ನೇ ನೋಡುತ್ತ ನಿಂತು, ದುಡ್ಡನ್ನು ಕಿಟಕಿಯ ಕಟ್ಟೆ ಮೇಲಿಟ್ಟು, ಪಾಲಿನದು ಇಟ್ಟುಕೋ ತಾಯಿ ಎಂದು ಹೇಳಿ ಹೊರಟುಬಿಡುತ್ತಿದ್ದ. ಒಂದು ಸಲವೂ ಅವಳ ಮುಖ ನೋಡಿದವನಲ್ಲ. ಮುಖ ನೋಡದೆ ದುಡ್ಡು ಕೊಡುವವನ ಮನಸ್ಸಿನಲ್ಲಿ ಏನೋ ಇರಲೇಬೇಕು. ಮಲಗಿದವನಿಗೆ ಎಲ್ಲಿಯ ಪಾಲು ಎಂದು ಗಂಡನನ್ನು ಕೇಳಿದರೆ, ಗುಂಪಿನ ವಿಚಾರ ನಿನಗ್ಯಾಕೆ ಎಂದು ಗೋಡೆ ಕಡೆ ಹೊರಳಿದ. ದುಡಿಯದೆ ಉಣ್ಣುವ ನಾಚಿಕೆ ಅವನದು. ಅವಳಿಗೆ ಕಂಡದ್ದು ಕಳ್ಳತನ. ಇವನು ಎಲ್ಲಿಯೋ ಹೆಬ್ಬೆಟ್ಟು ಒತ್ತಿದ್ದಾನೆ ಎಂದುಕೊಂಡಳು.

ಪಕ್ಕದ ಮನೆಯ ಮಲ್ಲಕ್ಕ ಉರಿಯುವ ಬೆಂಕಿಗೆ ತುಪ್ಪ ಸುರಿದಳು. ಶ್ರೀರಾಂಪುರದಲ್ಲಿ ಅವಳ ಭಾವನಿಗೂ ಒಬ್ಬ ಹೀಗೇ ಕೊಟ್ಟೂ ಕೊಟ್ಟೂ ಕಡೆಗೆ ಸೈಟು ಬರೆಸಿಕೊಂಡಿದ್ದನಂತೆ. ತಮಗೆ ಸೈಟಿಲ್ಲವಲ್ಲ ಎಂದಳು ಯಮುನಾ.

"ನಿನ್ ಗಂಡನ ಜಾಗ ಐತಲ್ಲೇ ಮಂಡೀಲಿ. ಮಾರಣ್ಣನ ಅಕ್ಕನ ಮಗ ಬಂದು ಸೇರ್‍ಕಂಡವ್ನೆ. ಹೋಗಿ ನೋಡು," ಎಂದಳು ಮಲ್ಲಕ್ಕ.

ಯಮುನಾ ಮಧ್ಯಾಹ್ನ ಹೋಗಿ ನೋಡಿದಳು. ಶೆಡ್ಡಿನ ಕಂಬದ ಮೊಳೆಗೆ ದುರುಗೇಶನ ಕೊಕ್ಕೆ ತೂಗುತ್ತಿತ್ತು. ಚೀಲಕ್ಕೆ ಸಿಕ್ಕಿಸಿ ಎತ್ತುವ ಕಬ್ಬಿಣದ ಕೊಕ್ಕೆ; ಹಿಡಿಗೆ ಕೆಂಪು ಬಟ್ಟೆ ಸುತ್ತಿಕೊಟ್ಟವಳು ಅವಳೇ. ಒಂದು ಲಾರಿ ಬಂದು ನಿಂತಿತು. ಮಾರಣ್ಣನ ಅಕ್ಕನ ಮಗ ಗಿರೀಶ್, ತನ್ನಪ್ಪನ ಆಸ್ತಿಯೇನೋ ಎಂಬಂತೆ ಆ ಕೊಕ್ಕೆ ತೆಗೆದು ಮೊದಲ ಚೀಲಕ್ಕೆ ಮುಟ್ಟಿಸಿ, ಮತ್ತೆ ಮೊಳೆಗೆ ಹಾಕಿದ. ಕಾಮಾಲೆ ಕಣ್ಣಿಗೆ ಇಷ್ಟು ಸಾಕಾಯಿತು. ಜಾಗದ ಜೊತೆಗೆ ಕೊಕ್ಕೆಯನ್ನೂ ನುಂಗುತ್ತಿದ್ದಾರೆ ಎಂದು ಅವಳ ಹೊಟ್ಟೆ ಉರಿಯಿತು. ಲಾರಿ ಖಾಲಿಯಾಗಿ ಎಲ್ಲರೂ ಚಹಾಕ್ಕೆ ಹೋದಾಗ ಕೊಕ್ಕೆಯನ್ನು ಬ್ಯಾಗಿಗೆ ತುರುಕಿಕೊಂಡು ಮನೆಗೆ ಬಂದಳು.

ಗೆದ್ದು ಬಂದವಳಂತೆ ಅದನ್ನು ಗಂಡನ ಮುಂದಿಟ್ಟಳು. ದುರುಗೇಶನ ಮುಖ ಬೆಳ್ಳಗಾಯಿತು.

"ಎಂಥ ಕೆಲ್ಸ ಮಾಡ್ದೆ ಯಮುನಾ. ಪೆಟ್ಟಾದವನ ಕೊಕ್ಕೆ ಮೊಳೆಗಿರೋ ತಂಕ ಅವನಿಗೂ ಒಂದು ಪಾಲು ಅಂತ ನಮ್ ಗುಂಪಿನ ಕಟ್ಟಳೆ. ಲಾರಿ ಬಂದಾಗೆಲ್ಲ ಮೊದ್ಲು ಚೀಲಕ್ಕೆ ಅದ್ನ ಮುಟ್ಟುಸ್ತಾರೆ, ನಾನೂ ಎತ್ತಿದಂಗೆ ಲೆಕ್ಕ. ಮನೆಯವ್ರೇ ಇಳಿಸ್ಕೆಂಡು ಬಂದ್ರೆ, ಕೆಲ್ಸ ಬಿಟ್ವಿ ಅಂದಂಗೆ."

ಇದನ್ನು ಮೊದಲೇ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಅವಳು ರೇಗಿದಳು. ರೇಗುತ್ತಲೇ ಅತ್ತಳು. ತಿಂಗಳುಗಟ್ಟಲೆ ಉಂಡ ಅನ್ನಕ್ಕೆ ತನ್ನ ಕೈಯಾರೆ ಮಣ್ಣು ಹಾಕಿಕೊಂಡಿದ್ದಳು.

ಬೆಳಿಗ್ಗೆ, ಯಾರೂ ಬರುವ ಮೊದಲೇ ಮೊಳೆಗೆ ಸಿಕ್ಕಿಸಿ ಬರೋಣವೆಂದು ಹೋದರೆ, ಗುಂಪಿಗೆ ಗುಂಪೇ ನಿಂತಿತ್ತು. ಲಾರಿ ಬೇಗ ಬಂದಿತ್ತು. ಯಮುನಾ ಕಂಬದ ಕಡೆ ನೋಡಿದಳು. ಮೊಳೆ ಖಾಲಿ ಇರಲಿಲ್ಲ. ದಪ್ಪ ಹಿಡಿಯ ಬೇರೊಂದು ಕೊಕ್ಕೆ ಅಲ್ಲಿ ತೂಗುತ್ತಿತ್ತು. ಅಷ್ಟು ಬೇಗ ಜಾಗ ಬೇರೆಯವರದಾಯಿತೇ ಎಂದುಕೊಂಡಳು.

ಮಾರಣ್ಣ ಅವಳನ್ನು ಕಂಡ. ಬ್ಯಾಗಿನಿಂದ ಇಣುಕುತ್ತಿದ್ದ ಕೆಂಪು ಬಟ್ಟೆಯನ್ನೂ ಕಂಡ. ಎಲ್ಲರಿಗೂ ಕೇಳುವಂತೆ ಕೇಳಿದ:

"ಏನವ್ವ, ಸಾಣೆ ಹಿಡಿಸ್ಕೆಂಡು ಬಂದ್ಯಾ? ನಾನೇ ಹೇಳ್ ಕಳ್ಸಿದ್ದೆ ಕಣ್ರಪ್ಪ, ತುಕ್ಕು ಹಿಡಿದಿತ್ತು ಅಂತ."

ಹೀಗೆಂದು ಕೈ ಚಾಚಿದ. ಆ ಕೈಯ ಬೆರಳುಗಳಿಗೆಲ್ಲ ಚಿಂದಿ ಸುತ್ತಿತ್ತು, ಚಿಂದಿಯಲ್ಲಿ ರಕ್ತ ಒಣಗಿತ್ತು. ಮಾವ ನಿನ್ನೆಯಿಂದ ತನ್ನ ಕೊಕ್ಕೆ ಮೊಳೆಗೆ ತಗುಲಿ ಹಾಕಿ ಬರಿಗೈಯಲ್ಲೇ ಚೀಲ ಎತ್ತುತ್ತಿದ್ದಾನೆ, ದುರುಗೇಶಣ್ಣನ ಪಾಲು ತಪ್ಪಬಾರದಂತೆ, ಹೇಳಿದರೆ ಕೇಳುವುದಿಲ್ಲ ಎಂದು ಗಿರೀಶ್ ದೂರಿದ.

ಯಮುನಾ ಕೊಕ್ಕೆ ಕೊಟ್ಟಳು. ಏನೋ ಹೇಳಲು ಬಾಯಿ ತೆರೆದಳು. ರೊಟ್ಟಿ ಅಂಗಡಿಗೆ ಹೊತ್ತಾಯಿತು ಹೋಗು ಎಂದ ಮಾರಣ್ಣ, ಎಂದಿನಂತೆ ನೆಲ ನೋಡುತ್ತ. ಇಸಿದುಕೊಳ್ಳುವವರ ಮುಖ ನೋಡಬಾರದೆಂಬ ಮರ್ಯಾದೆ ಅದು ಎಂದು ಅವಳಿಗೆ ಆಗ ಹೊಳೆಯಿತು.

ಶನಿವಾರ ಅವನು ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ದುಡ್ಡನ್ನು ಕಿಟಕಿಯ ಮೇಲಿಡಲು ಹೋದವನ ಮುಂದೆ ಎರಡೂ ಕೈ ಒಡ್ಡಿದಳು.

"ಒಳಗೆ ಬರ್ರಿ ಅಣ್ಣ, ಕುಂತ್ಕಳ್ರಿ," ಎಂದಳು. "ಆ ಬೆರಳಿಗೆ ಒಸಿ ಎಣ್ಣೆ ಹಚ್ತೀನಿ."